ಖಾಲಿ ಕೊಡಬಾರದ ಫ್ಲಾಸ್ಕ್

ಸಾವಿಗೆ ಬಂದಿದ್ದ ಕೊನೆಯ ನೆಂಟರೂ ಮಾಯಕೊಂಡದ ಬಸ್ಸು ಹತ್ತಿ ಹೋದ ಮರುದಿನದ ಬೆಳಗು ಅದು. ಕೆ.ಬಿ. ಬಡಾವಣೆಯ ಆ ಮನೆಗೆ ಎಂದಿನಂತೆ ಹಾಲು ಬಂತು, ಪೇಪರ್ ಬಂತು. ಮಹಾಂತೇಶ್ ಮಾತ್ರ ಇರಲಿಲ್ಲ.

ಬಾಗಿಲು ಬಡಿದ ಸದ್ದಿಗೆ ಆಶಾರಾಣಿ ದಡಕ್ಕನೆ ಎದ್ದಳು. ಬಾಗಿಲು ತೆರೆಯುವಷ್ಟರಲ್ಲಿ ಕಣ್ಣು ಕತ್ತಲಿಟ್ಟಿತು. ಚೌಕಟ್ಟು ಹಿಡಿದು ನಿಂತಳು. ಹೊರಗಿದ್ದವನ ಕೈ ಅವಳನ್ನು ಹಿಡಿಯಲು ಮುಂದೆ ಬಂದು, ಅರ್ಧದಲ್ಲೇ ನಿಂತಿತು.

ನಾಗಭೂಷಣ್. ಗಂಡ ಮಹಾಂತೇಶನ ಗೆಳೆಯ. ಹರಿಹರದಲ್ಲಿ ಲೇತ್ ವರ್ಕ್‌ಶಾಪ್ ಇಟ್ಟುಕೊಂಡು, ತಂಗಿಯರ ಮದುವೆ ಮಾಡುತ್ತಾ ತನ್ನದನ್ನು ಮರೆತವನು.

"ಕೂಡ್ರಿ ಮೇಡಂ. ಮೊದ್ಲು ಕೂಡ್ರಿ."

"ನಮ್ಮನೆಗೆ ಬಂದು ನನಗೇ ಕೂಡ್ರಿ ಅಂತೀರಲ್ಲ..."

ಅವನು ಜೇಬಿನಿಂದ ಒಂದು ಕನ್ನಡಕ ತೆಗೆದ. "ಮಹಾಂತೇಶ ನಮ್ಮ ಅಂಗಡ್ಯಾಗ ಬಿಟ್ಟಿದ್ದ. ಕೊಟ್ಟು ಹೋಗಾನ ಅಂತ ಬಂದೆ."

ಅವಳು ಅದನ್ನು ತೆಗೆದುಕೊಂಡಳು. ಅಳು ಬರಲಿಲ್ಲ. ಮಣ್ಣು ಹಾಕುವಾಗಲೂ ಬಂದಿರಲಿಲ್ಲ.

ಅವನ ಕಣ್ಣು ಅಡುಗೆಕಟ್ಟೆಯ ಮೇಲಿದ್ದ ಸ್ಟೀಲ್ ಫ್ಲಾಸ್ಕಿನ ಮೇಲೆ ಹೋಗಿ ಬಂತು. ಅದು ಅವನದೇ. ಎರಡು ವರ್ಷದ ಡಯಾಲಿಸಿಸ್ ಓಡಾಟದಲ್ಲಿ ಗಂಜಿ ಒಯ್ಯಲು ಮಹಾಂತೇಶ್ ಇಸ್ಕೊಂಡು ತಂದಿದ್ದ. ಈಗ ಅದರ ತುಂಬ ಅವಳ ಕಾಫಿ.

"ನಿಮ್ಮ ಫ್ಲಾಸ್ಕ್..." ಎಂದವಳು ಅಲ್ಲೇ ತಡೆದಳು.

ಇಸ್ಕೊಂಡ ಪಾತ್ರೆಯನ್ನು ಈ ಮನೆಯವರು ಖಾಲಿ ವಾಪಸ್ ಕೊಟ್ಟವರಲ್ಲ. ಒಂದು ಹಿಡಿ ಮಂಡಕ್ಕಿಯಾದರೂ ಹಾಕಿ ಕೊಡಬೇಕು. ಕಾಫಿ ಬಿಟ್ಟು ಬೇರೇನೂ ಮಾಡಲು ಮನಸ್ಸೇ ಇಲ್ಲದ ಅವಳು ಏನು ತುಂಬಿಸಿ ಕೊಟ್ಟಾಳು?

"ಇರ್ಲಿ ಬಿಡ್ರಿ," ಎಂದು ಅವನು ಹೊರಟ.

ಅಂದೇ ಅವಳು ನಿಶ್ಚಯಿಸಿದಳು. ಕೊಡುತ್ತೇನೆ. ಆದರೆ ನನ್ನ ಕೈಯಾರೆ ಮಾಡಿದ್ದನ್ನು ತುಂಬಿ ಕೊಡುತ್ತೇನೆ.

ಆದರೆ ಕೈಗೆ ಬಲ ಎಲ್ಲಿತ್ತು?

ಅವಳು ಹರಿಹರದ ಕಾಲೇಜಿನಲ್ಲಿ ಅರ್ಥಶಾಸ್ತ್ರದ ಉಪನ್ಯಾಸಕಿ. ಬೆಳಿಗ್ಗೆ ಏಳಲು ಆಗುತ್ತಿರಲಿಲ್ಲ, ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಮಧ್ಯದ ಹೊತ್ತನ್ನು ಆ ಫ್ಲಾಸ್ಕಿನ ಕಾಫಿ ನೂಕುತ್ತಿತ್ತು. ಊಟ ಬೇಡ, ಉಪ್ಪಿನಕಾಯಿ ಮಾತ್ರ ಬೇಕು. ಬಸ್ಸಿಳಿದು ಕಾಲೇಜಿಗೆ ಹೋಗುವ ನೇರ ದಾರಿಯಲ್ಲೇ ನಾಗಭೂಷಣನ ವರ್ಕ್‌ಶಾಪ್. ಅವನ ಕಣ್ಣು ತಪ್ಪಿಸಲು ಅವಳು ಸುತ್ತುದಾರಿ ಹಿಡಿದಳು.

ಒಂದು ದಿನ ಬೋರ್ಡಿನ ಮೇಲೆ 'ಬೇಡಿಕೆ' ಎಂದು ಬರೆದವಳಿಗೆ ಮುಂದಿನ ಪದವೇ ಮರೆತುಹೋಯಿತು. ಮಕ್ಕಳು ಕಾಯುತ್ತಿದ್ದರು. ಅವಳು ಮೇಜು ಹಿಡಿದು ಕುಸಿದಳು.

ಡಾಕ್ಟರ್ ಗುಲ್ನಾಜ್ ಎಲ್ಲ ಪರೀಕ್ಷೆ ಮಾಡಿಸಿದರು.

"ಅಡ್ರಿನಲ್ ಫಟೀಗ್, ಅಂದ್ರೆ ಅಡ್ರಿನಲ್ ಗ್ರಂಥಿ ದಣಿಯೋ ಕಾಯಿಲೆ ಇರ್ಬೇಕು ಅಂತ ಫೋನಿನಾಗೆ ಓದಿದೆ ಡಾಕ್ಟ್ರೇ."

"ಆ ಹೆಸರಿನ ಕಾಯಿಲೆ ನಮ್ಮ ವೈದ್ಯಶಾಸ್ತ್ರದಾಗ ಇಲ್ಲಮ್ಮ. ಗ್ರಂಥಿ ಚೆನ್ನಾಗೈತೆ, ರಕ್ತಾನೂ ಚೆನ್ನಾಗೈತೆ. ಆದ್ರೆ ನಿನ್ನ ದಣಿವು ಸುಳ್ಳಲ್ಲ. ಎರಡು ವರ್ಷ ಓಡಿದೀಯ. ಓಟ ಮುಗೀತು ಅಂತ ಮೈಗೆ ಯಾರೂ ಹೇಳಿಲ್ಲ, ನೀನೇ ಹೇಳಬೇಕು."

"ಹೆಂಗೆ?"

"ಹೊತ್ತಿಗೆ ಸರಿಯಾಗಿ ಉಣ್ಣು, ಮಲಗು. ಬೆಳಗಿನ ಬಿಸಿಲಾಗ ನಡಿ. ಆ ಕಾಫಿ ಕಡಿಮಿ ಮಾಡು. ಅಳು ಬಂದ್ರೆ ತಡೀಬ್ಯಾಡ."

ಮನೆಯಲ್ಲಿ ಅತ್ತೆ ಕಸ್ತೂರಮ್ಮ ಎಲ್ಲ ಕೇಳಿ ಫ್ಲಾಸ್ಕನ್ನು ತೊಳೆದು ಬೋರಲು ಹಾಕಿದರು.

"ನಾಳಿಂದ ಇದ್ರಾಗ ಕಾಫಿ ಹಾಕಿದ್ರೆ ನನ್ನ ಜೊತೆ ಜಗಳ ಆಡಬೇಕಾಗ್ತದ ನೋಡು."

"ನಿಮ್ಮ ಜೊತೆ ಜಗಳ ಆಡಾಕ ಶಕ್ತಿ ಎಲ್ಲೈತೆ ಅತ್ತೆ?"

"ಅದಕ್ಕ ಹೇಳಿದ್ದು, ಮೊದ್ಲು ರೊಟ್ಟಿ ತಿನ್ನು. ಆಮ್ಯಾಲೆ ಆಡುವಂತಿ."

ಕಾಫಿ ಇಲ್ಲದೆ ಮೊದಮೊದಲು ತಲೆ ಸಿಡಿಯಿತು. ಕುಂದವಾಡ ಕೆರೆ ಏರಿಯ ಮೇಲೆ ಅತ್ತೆಯೇ ಮುಂದೆ, ಸೊಸೆ ಹಿಂದೆ! ಒಂದು ಬೆಳಿಗ್ಗೆ ಏರಿಯ ಮೇಲೆ ಕುಳಿತು, ಗಂಡನ ಕನ್ನಡಕ ಕೈಯಲ್ಲಿ ಹಿಡಿದು, ಅವಳು ಬಿಕ್ಕಿ ಬಿಕ್ಕಿ ಅತ್ತಳು. ಕಸ್ತೂರಮ್ಮನೂ ಅತ್ತರು. ಆ ರಾತ್ರಿ ಇಬ್ಬರಿಗೂ ನಿದ್ದೆ ಬಂತು.

ಚೇತರಿಸಿಕೊಳ್ಳುವುದು ನಿಧಾನವೇ. ಒಂದು ವಾರ ಹಗುರ, ಮತ್ತೊಂದು ವಾರ ಭಾರ. ಕಾಲೇಜಿನಲ್ಲಿ ಹೆಚ್ಚುವರಿ ಕೆಲಸ ಹೊರಿಸಲು ಬಂದಾಗ ಮೊದಲ ಬಾರಿಗೆ "ಈ ಸಲ ಆಗೋದಿಲ್ಲ ಸರ್" ಎಂದಳು. ಮಳೆಗಾಲ ಕಳೆಯುವಷ್ಟರಲ್ಲಿ ಏರಿಯ ಮೇಲೆ ಅತ್ತೆಯೇ ಹಿಂದೆ ಬಿದ್ದು, "ಮೆಲ್ಲಕ ನಡಿಯವ್ವ" ಎನ್ನತೊಡಗಿದ್ದರು.

ಒಂದು ದಿನ ಅವಳು ಜೋಳದ ಅಂಬಲಿ ಕಾಸಿ, ಮಜ್ಜಿಗೆ ಬೆರೆಸಿ ಫ್ಲಾಸ್ಕಿಗೆ ತುಂಬಿದಳು. ಕಸ್ತೂರಮ್ಮ ಮುಚ್ಚಳ ಬಿಗಿ ಮಾಡಿ ಕೊಟ್ಟರು.

"ಆ ಹುಡುಗ ನಾಗಭೂಷಣ ಒಳ್ಳೇವನು. ವಾರಕ್ಕೊಂದು ಸಲ ಫೋನ್ ಮಾಡಿ ನೀ ಹೆಂಗಿದೀ ಅಂತ ಕೇಳ್ತಾನ. ನಿಂಗ ಹೇಳಬ್ಯಾಡ ಅಂದಿದ್ದ."

"ಮತ್ತೆ ಯಾಕ ಹೇಳಿದ್ರಿ?"

"ನನಗೂ ವಯಸ್ಸಾತು, ಮರೆತೆ," ಎಂದು ಅವರು ಮುಖ ತಿರುಗಿಸಿ ನಕ್ಕರು.

ಅಂದು ಆಶಾರಾಣಿ ನೇರ ದಾರಿಯಲ್ಲೇ ನಡೆದಳು. ವರ್ಕ್‌ಶಾಪಿನ ಮುಂದೆ ನಿಂತಾಗ ಏದುಸಿರು ಇರಲಿಲ್ಲ. ನಾಗಭೂಷಣ್ ಮಷಿನ್ ಆಫ್ ಮಾಡಿ ಕೈ ಒರೆಸಿಕೊಳ್ಳುತ್ತಾ ಬಂದ.

"ಈ ಕಡೆ ದಾರಿ ಮರೆತಿದ್ರಿ... ನನ್ನ ಮುಖ ಕಂಡ್ರೆ ನಿಮಗ ಬ್ಯಾಸರ ಅಂತ ತಿಳ್ಕಂಡಿದ್ದೆ."

"ಫ್ಲಾಸ್ಕ್ ಖಾಲಿ ಇತ್ತು. ಖಾಲಿ ಪಾತ್ರೆ ಹೆಂಗೆ ಕೊಡ್ಲಿ?"

"ಇಷ್ಟು ದಿನ ಅದಕ್ಕ ಸುತ್ತಿ ಹೋದ್ರಾ?" ಅವನಿಗೆ ನಗು ತಡೆಯಲಾಗಲಿಲ್ಲ. "ನಾನು ಏನೇನೋ ಅಂದ್ಕಂಡು... ನಿದ್ದೆನೇ ಇಲ್ಲ ನೋಡ್ರಿ."

"ನಿದ್ದೆ ಬರಾಕ ಏನು ಮಾಡಬೇಕು ಅಂತ ನನ್ನ ಕೇಳ್ರಿ. ಕಲ್ತೀನಿ ಈಗ."

ಅವನು ಫ್ಲಾಸ್ಕಿಗೆ ಕೈ ಚಾಚಲಿಲ್ಲ. "ನಿಮ್ಮ ಹತ್ರನೇ ಇರ್ಲಿ ಆಶಾ ಅವ್ರೇ. ಫ್ಲಾಸ್ಕು, ನಾನು... ಎರಡೂ. ಬ್ಯಾಡ ಅಂದ್ರೂ ನನಗೇನು ಬ್ಯಾಸರಿಲ್ಲ."

ಅವಳ ಎದೆ ಹೊಡೆದುಕೊಂಡಿತು. ಈ ಸಲ ಅದು ದಣಿವಿನದಲ್ಲ.

"ಇದನ್ನ ಅವರು ಇಸ್ಕೊಂಡಿದ್ರು. ಅವರ ಹೆಸರಾಗ ನಾನು ಕೊಡಬೇಕು. ಹಿಡೀರಿ."

"ಮತ್ತೆ ನಾನು?"

"ನನಗೆ ಬೇಕಾದ್ದನ್ನ ನಾನೇ ಕೇಳಿ ಇಸ್ಕಂತೀನಿ. ಭಾನುವಾರ ಬೆಳಿಗ್ಗೆ ಕುಂದವಾಡ ಕೆರೆ ಏರಿಗೆ ಬರ್ರಿ. ಜೋರಾಗಿ ನಡಿತೀನಿ, ಹಿಂದೆ ಬೀಳಬ್ಯಾಡ್ರಿ."

ಅವನು ಎರಡೂ ಕೈ ಚಾಚಿದ. ಇನ್ನೂ ಬೆಚ್ಚಗಿದ್ದ, ತುಂಬಿದ ಫ್ಲಾಸ್ಕನ್ನು ಅವಳು ಆ ಕೈಗಳಲ್ಲಿಟ್ಟಳು.