ಡೊಳ್ಳುಹೊಟ್ಟೆಯ ಅಜೀರ್ಣ

ಮೂರನೇ ಕಡ್ಡಿಯೂ ಆರಿಹೋಯಿತು.

“ಇದೇನಪ್ಪಾ ಇದು!” ಎಂದರು ಸೌಟು ಮಾಮ. ಅವರು ಶಾಲೆಯ ಅಡುಗೆಯವರು. ಕೈಯಲ್ಲಿ ಸದಾ ಸೌಟು ಇರುತ್ತಿದ್ದುದರಿಂದ ಮಕ್ಕಳಿಗೆಲ್ಲ ಸೌಟು ಮಾಮ. ಒಲೆಯ ತಿರುಪನ್ನು ಇನ್ನಷ್ಟು ತಿರುಗಿಸಿದರು. ಬುಸ್ಸೆಂದು ಗ್ಯಾಸ್ ಬಂತು. ನಾಲ್ಕನೇ ಕಡ್ಡಿ ಗೀರಿ ಹಿಡಿದರು. ಉರಿ ಒಂದು ಸಲ ಎದ್ದು, ನಡುಗಿ, ಫಕ್ಕನೆ ಆರಿತು.

ಅಡುಗೆಮನೆಯ ಬಾಗಿಲಲ್ಲಿ ಮೆಣಸು ನಿಂತಿದ್ದಳು. ಅವಳ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಮಾತ್ರ ಗೊತ್ತಿತ್ತು. ಆಳು ಚಿಕ್ಕದು, ಮಾತು ಖಾರ, ಅದಕ್ಕೇ ಎಲ್ಲರ ಬಾಯಲ್ಲೂ ಮೆಣಸು. ಐದನೇ ಕ್ಲಾಸಿನ ನೀರಿನ ಜಗ್ ತುಂಬಿಸಲು ಬಂದವಳು ಖಾಲಿ ಜಗ್ ಹಿಡಿದುಕೊಂಡೇ ನಿಂತುಬಿಟ್ಟಿದ್ದಳು.

“ಗ್ಯಾಸ್ ಖಾಲಿ ಆಯ್ತಾ ಮಾಮ?”

“ಖಾಲಿ ಎಲ್ಲಿ ಬಂತು? ಹೊರಗೆ ಹೋಗಿ ನೋಡು. ನಿಮ್ಮಮ್ಮನ ಡೊಳ್ಳುಹೊಟ್ಟೆ ಇವತ್ತು ಆಕಾಶ ಮುಟ್ಟೋ ಹಾಗೆ ಏರಿ ಕೂತಿದೆ. ಅಷ್ಟು ಗ್ಯಾಸ್ ಇಟ್ಕೊಂಡು ಒಂದು ಚೊಂಬು ನೀರು ಕಾಯಿಸೋಕೆ ಆಗ್ತಿಲ್ಲ!”

ಸೌಟು ಮಾಮ ತಿರುಪು ಮುಚ್ಚಿ ಕಿಟಕಿಗಳನ್ನೆಲ್ಲ ತೆರೆದರು.

ಡೊಳ್ಳುಹೊಟ್ಟೆ ಅಂದರೆ ಅಡುಗೆಮನೆಯ ಹಿಂದಿನ ಗ್ಯಾಸ್ ತೊಟ್ಟಿ. ನೆಲದಲ್ಲಿ ಬಾವಿಯಂತೆ ಇಟ್ಟಿಗೆಯಲ್ಲಿ ಕಟ್ಟಿದ್ದು. ಬಾಯಿಗೆ ದೊಡ್ಡದೊಂದು ಕಬ್ಬಿಣದ ಡ್ರಮ್ಮನ್ನು ಬೋರಲು ಹಾಕಿದ್ದರು. ಮಾರ್ಕೆಟ್ಟಿನಲ್ಲಿ ಉಳಿದ ಕೊಳೆತ ತರಕಾರಿ, ಮಕ್ಕಳು ತಟ್ಟೆಯಲ್ಲಿ ಬಿಟ್ಟ ಅನ್ನ, ಎಲ್ಲವನ್ನೂ ನೀರಿನಲ್ಲಿ ಕಲಸಿ ಒಂದು ಕೊಳವೆಯೊಳಗೆ ಸುರಿಯುತ್ತಿದ್ದರು. ಅದು ಒಳಗಿನ ಕತ್ತಲಲ್ಲಿ ತನ್ನ ಪಾಡಿಗೆ ತಾನು ಕೊಳೆಯುತ್ತಿತ್ತು. ಗ್ಯಾಸ್ ಹುಟ್ಟಿದಂತೆಲ್ಲ ಡ್ರಮ್ಮು ಮೆಲ್ಲಗೆ ಮೇಲೇಳುತ್ತಿತ್ತು, ಅಡುಗೆ ಆದಂತೆಲ್ಲ ಕೆಳಗಿಳಿಯುತ್ತಿತ್ತು. ಮುನ್ನೂರು ಮಕ್ಕಳ ಮಧ್ಯಾಹ್ನದ ಊಟ ಅದರಿಂದಲೇ ಬೇಯುತ್ತಿತ್ತು. ಅದನ್ನು ನೋಡಿಕೊಳ್ಳುವ ಕೆಲಸ ಮೆಣಸುವಿನ ಅಮ್ಮನದು.

ಅಮ್ಮ ಅಂಗಳ ದಾಟಿ ಬರುತ್ತಿದ್ದಳು. ಶನಿವಾರ ಜ್ವರವೆಂದು ಮಲಗಿದವಳು ಎದ್ದದ್ದು ಇವತ್ತು, ಸೋಮವಾರವೇ. ಕಾಲು ಒಂದು ಕಡೆ, ಜೀವ ಒಂದು ಕಡೆ ಎಂಬಂತೆ ನಡೆಯುತ್ತಿದ್ದಳು. ತೊಟ್ಟಿಯ ಹೊರಕೊಳವೆಯ ಹತ್ತಿರ ಬಗ್ಗಿ ಗಸಿಯನ್ನು ಕಡ್ಡಿಯಿಂದ ಕದಡಿದಳು. ಮೂಗಿನ ಹತ್ತಿರ ತಂದಳು. ಮತ್ತೆ ತಂದಳು.

“ಮೂಗು ಕಟ್ಟಿಬಿಟ್ಟಿದೆ. ವಾಸನೆಯೇ ಗೊತ್ತಾಗ್ತಿಲ್ಲ,” ಎಂದಳು. “ನೀವು ನೋಡ್ರೀ ಸ್ವಲ್ಪ.”

ಹೊರಗೆ ಬಂದ ಸೌಟು ಮಾಮ ಮೂಸಿ ಮುಖ ಕಿವುಚಿದರು. “ಗಬ್ಬು ವಾಸನೆ ಕಣಮ್ಮಾ. ಇದು ಯಾವತ್ತು ಅತ್ತರಿನ ಹಾಗಿತ್ತು ಹೇಳು? ನನ್ನ ಮೂಗಿಗೆ ಬೇಳೆ ಸೀದಿದ್ದು ಗೊತ್ತಾಗುತ್ತೆ, ಇದರ ರೋಗ ಗೊತ್ತಾಗಲ್ಲ.”

ಅಮ್ಮ ತೊಟ್ಟಿಯ ಕಟ್ಟೆಯ ಮೇಲೆ ಕುಳಿತಳು. ಆ ತೊಟ್ಟಿಯ ಆರೋಗ್ಯವನ್ನು ನಾಲ್ಕು ವರ್ಷ ಮೂಗಿನಿಂದಲೇ ನೋಡಿಕೊಂಡು ಬಂದವಳು ಅವಳು. ಇವತ್ತು ಆ ಮೂಗೇ ಕೈಕೊಟ್ಟಿತ್ತು.

ಅಷ್ಟರಲ್ಲಿ ಹೆಡ್ ಮಿಸ್ ಬಂದರು. ಅವರ ಕಣ್ಣ ಕೆಳಗೆ ನಿದ್ದೆಗೆಟ್ಟ ಎರಡು ಕಪ್ಪು ಅರ್ಧಚಂದ್ರ.

“ಏನಾಯ್ತಮ್ಮಾ?”

“ಗೊತ್ತಿಲ್ಲ ಮಿಸ್. ಶನಿವಾರ ಸಂಜೆ ಜ್ವರದ ತಲೇಲಿ ಏನು ಸುರಿದೆನೋ, ನಂಗೇ ನೆನಪಿಲ್ಲ. ನೆಲ ಒರೆಸಿದ ಫಿನಾಯಿಲ್ ನೀರಿನ ಬಕೆಟ್ಟೂ ಅಲ್ಲೇ ಪಕ್ಕದಲ್ಲಿತ್ತು. ಅದನ್ನೇ ಹಾಕಿಬಿಟ್ಟೆನೋ ಏನೋ.”

“ಹಾಕಿದ್ರೆ?”

“ಒಳಗೆ ಕೆಲಸ ಮಾಡೋ ಕಣ್ಣಿಗೆ ಕಾಣದ ಜೀವ ಎಲ್ಲಾ ಸತ್ತ ಹಾಗೆ. ಪೂರ್ತಿ ಖಾಲಿ ಮಾಡಿಸಿ ಹೊಸದಾಗಿ ಶುರು ಮಾಡಬೇಕು. ಎರಡು ತಿಂಗಳು ಹಿಡಿಯುತ್ತೆ ಮಿಸ್.”

ಹೆಡ್ ಮಿಸ್ ಹಣೆ ಒತ್ತಿಕೊಂಡರು. “ಎರಡು ತಿಂಗಳು ಶಾಲೆಯ ಕಮಿಟಿಯವರು ಕಾಯಲ್ಲಮ್ಮಾ, ಅವರಿಗೆ ಮೊದಲಿಂದಲೂ ಈ ತೊಟ್ಟಿ ಬೇಡ. ಇದೇ ನೆಪ ಸಾಕು ಅಂತ ತೊಟ್ಟೀನೇ ಮುಚ್ಚಿಸ್ತಾರೆ. ನಾಳೆ ಟ್ಯಾಂಕರ್ ಕರೆಸ್ತೀನಿ. ಖಾಲಿ ಮಾಡಿಸೋಣ, ಆಮೇಲೆ ನೋಡೋಣ.”

ಕೇಳುತ್ತ ನಿಂತಿದ್ದ ಮೆಣಸು ಖಾಲಿ ಜಗ್ಗನ್ನು ಎದೆಗೆ ಅವುಚಿಕೊಂಡಳು. ತೊಟ್ಟಿ ಮುಚ್ಚಿದರೆ ಅಮ್ಮನಿಗೆ ಮತ್ತೆ ಮಾರ್ಕೆಟ್ ಗುಡಿಸುವ ಹಳೇ ಕೆಲಸವೇ ಗತಿ. ನಸುಕಿನಲ್ಲಿ ಎದ್ದು ಹೋಗಬೇಕು. ಮೆಣಸು ಚಿಕ್ಕವಳಿದ್ದಾಗ ಎಚ್ಚರವಾದಾಗಲೆಲ್ಲ ಪಕ್ಕದ ಹಾಸಿಗೆ ಖಾಲಿ ಇರುತ್ತಿತ್ತು.

ಆದರೆ ಅವಳ ಹೆದರಿಕೆಗೆ ಇನ್ನೂ ಒಂದು ಕಾರಣವಿತ್ತು. ಶನಿವಾರ ಸಂಜೆ ಅಮ್ಮ ತೊಟ್ಟಿಯ ಹತ್ತಿರ ಹೋಗಿಯೇ ಇರಲಿಲ್ಲ. ಹೋದವಳು ಮೆಣಸು.

“ಈಗ ಏಳ್ತೀನಿ, ಈಗ ಹೋಗ್ತೀನಿ,” ಎನ್ನುತ್ತಲೇ ಅಮ್ಮ ಕಂಬಳಿಯೊಳಗೆ ನಡುಗುತ್ತಿದ್ದಳು. ಹಾಗೇ ನಿದ್ದೆ ಹೋದಳು. ಆಡಲು ಹೊರಟವಳಂತೆ ಮೆಣಸು ಹೊರಗೆ ಬಂದು ನೇರ ಶಾಲೆಯ ಹಿತ್ತಲಿಗೆ ಓಡಿದ್ದಳು. ಬೆಳಿಗ್ಗೆ ಎರಡು ಬಕೆಟ್, ಸಂಜೆ ಎರಡು ಬಕೆಟ್, ಇದು ಡೊಳ್ಳುಹೊಟ್ಟೆಯ ಊಟ. ಅವಳು ಲೆಕ್ಕ ಹಾಕಿದಳು. ಶನಿವಾರ ಸಂಜೆಗೆ ಎರಡು, ಭಾನುವಾರಕ್ಕೆ ನಾಲ್ಕು, ಸೋಮವಾರ ಬೆಳಿಗ್ಗೆಗೆ ಎರಡು. ಎಲ್ಲವನ್ನೂ ಇವತ್ತೇ ಹಾಕಿಬಿಟ್ಟರೆ ಅಮ್ಮ ಸೋಮವಾರದವರೆಗೂ ಆರಾಮಾಗಿ ಮಲಗಬಹುದಲ್ಲ! ಮೂಲೆಯ ನೀಲಿ ಡ್ರಮ್ಮಿನಲ್ಲಿ ಜ್ಯೂಸ್ ಅಂಗಡಿಯವರು ಕೊಟ್ಟ ನಿಂಬೆ, ಕಿತ್ತಳೆ ಸಿಪ್ಪೆ ತುಂಬಿತ್ತು. ಪಾಪ, ಅಮ್ಮನಿಗೆ ಹಾಕಲು ಸಮಯ ಸಿಕ್ಕಿಲ್ಲ ಎಂದುಕೊಂಡು ಅದನ್ನೂ ಮೂರು ಬಕೆಟ್ ಮಾಡಿ ಸುರಿದಿದ್ದಳು. ಒಟ್ಟು ಹನ್ನೊಂದು.

ಮರುದಿನ ಅಮ್ಮ ಕಣ್ಣು ಬಿಟ್ಟು, “ನಿನ್ನೆ ನಾನು ತೊಟ್ಟಿಗೆ ಹೋಗಿದ್ನಾ?” ಎಂದು ಕೇಳಿದಾಗ ಮೆಣಸು, “ಎಲ್ಲಾ ಹಾಕಿ ಆಗಿದೆ, ನೀನು ಮಲ್ಕೋ,” ಎಂದಿದ್ದಳು. ಅದು ಸುಳ್ಳೂ ಅಲ್ಲ, ನಿಜವೂ ಅಲ್ಲ.

ಅವತ್ತು ಊಟ ಬಂದದ್ದು ಮೂರು ಗಂಟೆಗೆ. ಸೌಟು ಮಾಮ ಹಿತ್ತಲಿನಲ್ಲಿ ಕಲ್ಲು ಜೋಡಿಸಿ, ಸೌದೆ ಹೊತ್ತಿಸಿ ಬೇಯಿಸಿದ್ದರು. ಅಷ್ಟು ಹೊತ್ತಿಗೆ ಕ್ಲಾಸಿನಲ್ಲಿ ಎಲ್ಲರ ಹೊಟ್ಟೆಯಲ್ಲೂ ಇಲಿಗಳು ರನ್ನಿಂಗ್ ರೇಸ್ ನಡೆಸಿದ್ದವು.

“ನಿಮ್ಮಮ್ಮನ ಡೊಳ್ಳುಹೊಟ್ಟೆಗೆ ಅಜೀರ್ಣ ಅಂತೆ! ಒಂದು ಮಾತ್ರೆ ನುಂಗಿಸೇ!” ಎಂದ ಪಕ್ಕದ ಬೆಂಚಿನ ಕನ್ನಡಕ. ಅವನಿಗೂ ಹೆಸರಿತ್ತು, ಯಾರೂ ಕರೆಯುತ್ತಿರಲಿಲ್ಲ.

ಬೇರೆ ದಿನವಾಗಿದ್ದರೆ ಮೆಣಸು ಅವನಿಗೆ ಒಂದಕ್ಕೆ ನಾಲ್ಕು ಕೊಡುತ್ತಿದ್ದಳು. ಇವತ್ತು ತಟ್ಟೆಯ ಮೇಲೆ ಬಗ್ಗಿ ಕಣ್ಣು ಒರೆಸಿಕೊಂಡಳು.

“ಏಯ್, ಅಳ್ತಿದೀಯಾ? ನಾನು ಸುಮ್ನೆ ಅಂದೆ ಕಣೇ,” ಎಂದು ಕನ್ನಡಕ ಗಾಬರಿಯಾದ.

“ಹೊಗೆ,” ಎಂದಳು ಮೆಣಸು. “ಕಣ್ಣಿಗೆ ಹೊಗೆ.” ತಟ್ಟೆಯ ಅನ್ನ ಹಾಗೇ ಉಳಿಯಿತು.

ಶಾಲೆ ಬಿಡುವ ಲಾಂಗ್ ಬೆಲ್ ಆಯಿತು. ಅಮ್ಮ ತೊಟ್ಟಿಯ ಹತ್ತಿರ ಒಬ್ಬಳೇ ಕುಳಿತು ಹೊರಕೊಳವೆಯ ಸುತ್ತ ಬೆಳೆದ ಹುಲ್ಲು ಕೀಳುತ್ತಿದ್ದಳು. ನಾಳೆ ಖಾಲಿಯಾಗುವ ತೊಟ್ಟಿಗೆ ಇವತ್ತು ಇಷ್ಟು ಉಪಚಾರ. ಮೆಣಸುವಿಗೆ ತಡೆಯಲಾಗಲಿಲ್ಲ.

“ಅಮ್ಮಾ, ಶನಿವಾರ ನೀನು ಬರ್ಲೇ ಇಲ್ಲ. ನಾನು ಬಂದಿದ್ದೆ.”

ಅಮ್ಮನ ಕೈ ನಿಂತಿತು.

“ಫಿನಾಯಿಲ್ ಹಾಕಿಲ್ಲ ಅಮ್ಮಾ, ಆಣೆಗೂ ಇಲ್ಲ. ಎಂಟು ಬಕೆಟ್ ಮಾಮೂಲಿದು. ಆಮೇಲೆ ನೀಲಿ ಡ್ರಮ್ಮಿಂದು ಮೂರು.”

“ನೀಲಿ ಡ್ರಮ್ಮಾ?” ಅಮ್ಮ ಎದ್ದು ಹೋಗಿ ಮುಚ್ಚಳ ತೆಗೆದು ನೋಡಿದಳು. ತಳ ಕಾಣುತ್ತಿತ್ತು. “ಅಯ್ಯೋ ನನ್ನ ಕರ್ಮವೇ! ಅದು ದಿನಕ್ಕೆ ಒಂದೇ ಮಗ್ ಕಣೇ. ಹುಳಿ. ಜಾಸ್ತಿ ಹಾಕಿದ್ರೆ ಇದರ ಹೊಟ್ಟೆ ಕೆಡುತ್ತೆ.”

“ಆದ್ರೆ ಡ್ರಮ್ಮು ಅಷ್ಟು ಮೇಲೆ ಬಂದಿತ್ತಲ್ಲ...”

“ಹೊಟ್ಟೆ ಉಬ್ಬರಿಸೋದು ಊಟ ಮೈಗೆ ಹತ್ತಿದ್ದಕ್ಕಾ? ಬರೀ ಗಾಳಿ ಅದು. ಉರಿಯೋ ಗ್ಯಾಸ್ ಬೇರೆ.”

ಬೈಗುಳ ಬರುತ್ತದೆಂದು ಮೆಣಸು ತಲೆ ತಗ್ಗಿಸಿ ಕಾದಳು. ಬರಲಿಲ್ಲ. ತಲೆ ಎತ್ತಿದರೆ ಅಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು.

“ಹನ್ನೊಂದು ಬಕೆಟ್ಟು. ಒಬ್ಬಳೇ ಎತ್ತಿದೆಯಾ?”

“ಅರ್ಧರ್ಧ ಮಾಡಿ ಎತ್ತಿದೆ.”

ಅಮ್ಮ ಅವಳ ಅಂಗೈ ಬಿಡಿಸಿ ನೋಡಿದಳು. ಹಿಡಿಕೆ ಒತ್ತಿದ ಕಡೆ ಬೊಬ್ಬೆ ಎದ್ದು ಒಣಗಿತ್ತು. ಅದನ್ನು ಬೆರಳಿನಿಂದ ಸವರಿ, “ಭಾನುವಾರವೇ ಹೇಳಿದ್ರೆ ತೊಟ್ಟಿಗೆ ಒಂದು ದಿನ ಮೊದಲೇ ಮದ್ದು ಶುರು ಆಗ್ತಿತ್ತು,” ಎಂದಳು. ಅಷ್ಟೇ. ಆ ಮಾತು ಹತ್ತು ಬೈಗುಳಕ್ಕಿಂತ ಭಾರವಾಗಿತ್ತು. “ನಡಿ. ಹೆಡ್ ಮಿಸ್ ಹತ್ರ ನೀನೇ ಹೇಳು.”

ಆಫೀಸಿನಲ್ಲಿ ಮೆಣಸು ಹೇಳಿದಳು. ಬಕೆಟ್ಟಿನ ಲೆಕ್ಕವನ್ನೂ ಬಿಡಲಿಲ್ಲ.

“ಫಿನಾಯಿಲ್ ಅಲ್ಲ ಅಂದ್ರೆ ಖಾಲಿ ಮಾಡೋದು ಬೇಡ ಮಿಸ್,” ಎಂದಳು ಅಮ್ಮ. “ಅಜೀರ್ಣ ಅಷ್ಟೇ. ಹತ್ತು ದಿನ ಕೊಡಿ.”

ಹೆಡ್ ಮಿಸ್ ಬೆರಳಿನಲ್ಲಿ ಹತ್ತು ದಿನ ಎಣಿಸಿದರು. ಆಮೇಲೆ ಕ್ಯಾಲೆಂಡರಿನಲ್ಲಿ ಒಂದು ದಿನಕ್ಕೆ ಗೆರೆ ಹಾಕಿದರು. “ಹತ್ತೇ. ಆಮೇಲೆ ನನ್ನ ಕೈಲಿ ಇಲ್ಲ.”

ಆ ಹತ್ತು ದಿನದಷ್ಟು ಉದ್ದದ ದಿನಗಳನ್ನು ಮೆಣಸು ನೋಡಿರಲಿಲ್ಲ. ಅಮ್ಮ ಡ್ರಮ್ಮಿನ ನಲ್ಲಿ ತಿರುಗಿಸಿ ಕೆಟ್ಟ ಗ್ಯಾಸನ್ನೆಲ್ಲ ಬಯಲಿಗೆ ಬಿಟ್ಟಳು. ಉಬ್ಬಿದ ಡ್ರಮ್ಮು ಉಸ್ಸೆಂದು ಕುಸಿಯಿತು. ಹುಳಿ ಮುರಿಯಲು ಸುಣ್ಣದ ತಿಳಿಯನ್ನು ದಿನಕ್ಕೆ ಇಷ್ಟಿಷ್ಟೇ ಸುರಿದಳು. ಹಾಲಿನವರ ಕೊಟ್ಟಿಗೆಯಿಂದ ಹಸಿ ಸಗಣಿ ಹೊತ್ತು ತಂದು ಕಲಸಿ ಬಿಟ್ಟಳು. ಅದು ಬಿಟ್ಟರೆ ಉಪವಾಸ. ಒಂದು ತುತ್ತೂ ಇಲ್ಲ.

ಆದರೆ ಕಸಕ್ಕೆ ಉಪವಾಸ ಗೊತ್ತಿಲ್ಲವಲ್ಲ! ಮಾರ್ಕೆಟ್ಟಿನ ಬುಟ್ಟಿಗಳು ದಿನವೂ ಬಂದು ಬೀಳುತ್ತಿದ್ದವು. ಅಮ್ಮ ಅವನ್ನೆಲ್ಲ ತಳ್ಳುಗಾಡಿಗೆ ತುಂಬಿ ದೂರದ ಗೊಬ್ಬರದ ಗುಂಡಿಗೆ ಸಾಗಿಸುತ್ತಿದ್ದಳು. ಸಂಜೆ ಮೆಣಸು ಹಿಂದಿನಿಂದ ಗಾಡಿ ತಳ್ಳುತ್ತಿದ್ದಳು. ಇಬ್ಬರಿಗೂ ಮಾತಾಡಲು ಉಸಿರು ಉಳಿಯುತ್ತಿರಲಿಲ್ಲ.

ಐದನೇ ದಿನ ಸೌಟು ಮಾಮ ಕಡ್ಡಿ ಗೀರಿ ನೋಡಿದರು. ಇಲ್ಲ. ಏಳನೇ ದಿನವೂ ಇಲ್ಲ. ಹೊಗೆ ಕುಡಿದು ಕುಡಿದು ಅವರ ಕಣ್ಣು ಕೆಂಡವಾಗಿತ್ತು. “ನನ್ನ ನೋಡಿ ಮಕ್ಕಳು ಹೆದರಿ ಒಂದು ತುತ್ತು ಜಾಸ್ತಿ ಉಣ್ತಿದಾವೆ,” ಎಂದು ನಕ್ಕು ಕೆಮ್ಮಿದರು.

“ಇನ್ನೊಂದಿಷ್ಟು ಸುಣ್ಣ ಹಾಕೋಣ ಅಮ್ಮಾ, ಒಂದೇ ಸಲ,” ಎಂದಳು ಮೆಣಸು.

“ಹುಳಿ ಜಾಸ್ತಿ ಆಗಿ ಕೆಟ್ಟಿದ್ದು ಸುಣ್ಣ ಜಾಸ್ತಿ ಆಗಿಯೂ ಕೆಡುತ್ತೆ.”

“ಮತ್ತೆ ಏನು ಮಾಡೋದು?”

“ಏನೂ ಮಾಡಬಾರದು. ಅದಕ್ಕೆ ಸುಧಾರಿಸ್ಕೊಳ್ಳೋಕೆ ಬಿಡಬೇಕು.”

ಏನೂ ಮಾಡದೆ ಇರುವುದು ಗಾಡಿ ತಳ್ಳುವುದಕ್ಕಿಂತ ಕಷ್ಟವಾಗಿತ್ತು.

ಒಂಬತ್ತನೇ ದಿನ ಸಂಜೆ. ಗಾಡಿಯ ಕೊನೆಯ ಸರದಿ ಮುಗಿಸಿ ಬಂದ ಅಮ್ಮ, “ಒಂದು ನಿಮಿಷ,” ಎಂದು ತೊಟ್ಟಿಯ ಕಟ್ಟೆಗೆ ಒರಗಿ ಕುಳಿತವಳು ಹಾಗೇ ನಿದ್ದೆ ಹೋದಳು. ಬಾಯಿ ಸ್ವಲ್ಪ ತೆರೆದಿತ್ತು. ಚಪ್ಪಲಿ ಒಂದೇ ಕಾಲಿನಲ್ಲಿತ್ತು. ಪಕ್ಕದಲ್ಲಿ ಡ್ರಮ್ಮು ಒಂದು ಗೇಣು ಮೇಲೆದ್ದಿತ್ತು. ಅದನ್ನು ನೋಡಿ ಕುಣಿಯಲು ಮೆಣಸುವಿಗೆ ಈಗ ಧೈರ್ಯವಿರಲಿಲ್ಲ.

ಒಳಗೆ ಕಡ್ಡಿ ಗೀರಿದ ಸದ್ದು ಕೇಳಿಸಿತು. ಅವಳು ಉಸಿರು ಬಿಗಿಹಿಡಿದಳು. ಒಂದು, ಎರಡು, ಮೂರು ಎಂದು ಎಣಿಸಿದಳು. ಹತ್ತಾಯಿತು. ಇಪ್ಪತ್ತಾಯಿತು. ಕಿಟಕಿಯಲ್ಲಿ ಇಣುಕಿದರೆ ಒಲೆಯ ಮೇಲೆ ಪುಟ್ಟ ನೀಲಿ ಉರಿ ಅಲುಗಾಡದೆ ನಿಂತಿತ್ತು.

ಸೌಟು ಮಾಮ ಓಡಿಬಂದರು. “ಏಯ್ ಮೆಣಸೂ! ಹತ್ತ್...”

“ಶ್ಶ್!” ಮೆಣಸು ತುಟಿಯ ಮೇಲೆ ಬೆರಳಿಟ್ಟು ಅಮ್ಮನ ಕಡೆ ತೋರಿಸಿದಳು.

ಮಾಮ ದನಿ ತಗ್ಗಿಸಿದರು. “ಹತ್ತಿಕೊಂಡಿತು ಕಣೇ. ಹೆಡ್ ಮಿಸ್ ಇನ್ನೂ ಇದಾರೆ, ಹೇಳಿ ಬರ್ತೀನಿ. ಪಾಪ, ಒಂಬತ್ತು ದಿನದ ಹಸಿವು ಇದಕ್ಕೆ. ಅಮ್ಮನ್ನ ಎಬ್ಬಿಸು, ಇಲ್ಲಾ ನಾವೇ ಒಂದು ಬಕೆಟ್ ಹಾಕಿಬಿಡೋಣ್ವಾ?”

ಗಾಡಿ ಹೋದ ಮೇಲೆ ಬಂದ ಕೊಳೆತ ತರಕಾರಿಯ ಬುಟ್ಟಿ ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಬಕೆಟ್ಟೂ ಇತ್ತು. ಮೆಣಸು ಎರಡನ್ನೂ ನೋಡಿದಳು. ತಲೆಯಾಡಿಸಿದಳು.

“ಇವತ್ತು ಬೇಡ ಮಾಮ.”

ಮಾಮ ಆಫೀಸಿನ ಕಡೆ ಹೋದರು. ಮೆಣಸು ಸದ್ದಾಗದಂತೆ ಬಂದು ಅಮ್ಮನ ಪಕ್ಕ ಕುಳಿತಳು. ಸ್ವಲ್ಪ ಹೊತ್ತಿಗೆ ಅಮ್ಮನ ತಲೆ ವಾಲಿ ಅವಳ ಭುಜದ ಮೇಲೆ ಬಂತು. ಗಾಡಿ ತಳ್ಳಿ ನೋಯುತ್ತಿದ್ದ ಭುಜ ಅದು. ಮೆಣಸು ಅಲುಗಾಡಲಿಲ್ಲ.