ಬಾಯಿ ಬಿಡದ ಹೂವಿನ ಕಾಳು

ಬಲು ಹಿಂದೆ, ಮಂಜಿನ ಬೆಟ್ಟಗಳಾಚೆ ಹೂಸಿರಿಯೆಂಬ ರಾಜ್ಯವಿತ್ತು. ಅಲ್ಲೊಂದು ಹಬ್ಬ. ಪೈರು ಹೂ ಬಿಟ್ಟಾಗ ಅರಮನೆಯವರೇ ಹೊಲಕ್ಕಿಳಿದು, ಹೂ ಕಾಣದ ಗಿಡಗಳನ್ನು 'ಗೊಡ್ಡು' ಎಂದು ಮುರಿದೆಸೆಯುತ್ತಿದ್ದರು. ಇದರಲ್ಲಿ ರಾಜಕುಮಾರಿ ಚಂದಲೆಯದು ಎತ್ತಿದ ಕೈ.

ಹೀಗಿರಲು ಕರಿಗೊರಲನೆಂಬ ಮಾಂತ್ರಿಕ ಬಂದ. ಅವನ ಜೋಳಿಗೆಯ ತುಂಬ ಕಪ್ಪು ಪತಂಗಗಳು. ಎಲ್ಲಿ ಹೂ ಅರಳಿದರೂ ಹೋಗಿ ತಿಂದು ಮುಗಿಸುತ್ತಿದ್ದವು. ಹೂವೇ ಇಲ್ಲವೆಂದ ಮೇಲೆ ಕಾಳೆಲ್ಲಿಯದು? ಕಣಜ ಬರಿದಾಯಿತು. ಕೇಳಲು ಹೋದ ರಾಜನನ್ನು ಅವನು ನವಿಲು ಮಾಡಿ ಪಂಜರಕ್ಕೆ ಹಾಕಿದ.

"ಒಂದು ಹಿಡಿ ಹೊಸ ಕಾಳು ತಾ, ನಿನ್ನಪ್ಪನನ್ನು ಬಿಡುತ್ತೇನೆ. ಮೂರು ಸಲ ಸೋತರೆ ನವಿಲು ನವಿಲೇ" ಎಂದ ಚಂದಲೆಗೆ.

"ನೀನು ಮಾತಿಗೆ ತಪ್ಪಿದರೆ?"

"ನನ್ನ ಪತಂಗಗಳು ನನ್ನನ್ನೇ ತಿನ್ನಲಿ."

ಚಂದಲೆ ಎಳ್ಳು ಬಿತ್ತಿ ಸುತ್ತ ಕಲ್ಲಿನ ಗೋಡೆ ಎತ್ತಿಸಿದಳು. ಹೂ ಅರಳಿತು, ಕಂಪು ಹರಡಿತು, ಪತಂಗಗಳು ಬಂದವು. ರೆಕ್ಕೆಯಿದ್ದವಕ್ಕೆ ಗೋಡೆ ಯಾವ ಲೆಕ್ಕ! ಮತ್ತೆ ಅವರೆ ಬಿತ್ತಿ ಮೇಲೆ ರೇಷ್ಮೆ ಹೊದಿಸಿದಳು. ಹೂ ಅರಳಿತು, ಕಂಪು ಹರಡಿತು, ಪತಂಗಗಳು ರೇಷ್ಮೆಯನ್ನೂ ಸೇರಿಸಿ ತಿಂದವು.

ಮೂರನೆಯ ಸಲ ಬಿತ್ತಲು ಏನೂ ಉಳಿದಿರಲಿಲ್ಲ. ಬದುವಿನ ಮೇಲೆ ಕೂತು ಅತ್ತಳು. ಅಳುತ್ತಲೇ ಕೈ ಪಕ್ಕದಲ್ಲಿ ಮುರಿಯದೆ ಉಳಿದಿದ್ದ ಒಂದೇ ಗೊಡ್ಡುಗಿಡವನ್ನು ಹಿಡಿಯಿತು. ಗಿಡ ಮಾತಾಡಿತು.

"ವರ್ಷಾ ವರ್ಷಾ ಮುರೀತೀಯಲ್ಲ ತಾಯಿ, ಬೇಜಾರಾಗೋದಿಲ್ವಾ?"

"ನೀನು ಗೊಡ್ಡು."

"ಗೊಡ್ಡಾದ್ರೆ ಮರುವರ್ಷ ಎಲ್ಲಿಂದ ಬರ್ತೀನಿ?"

ಚಂದಲೆಗೆ ನಾಚಿಕೆಯಾಯಿತು. ಇಷ್ಟು ವರ್ಷ ಅವಳಾಗಲಿ, ಅರಮನೆಯ ಪಂಡಿತರಾಗಲಿ ಇದನ್ನು ಯೋಚಿಸಿರಲಿಲ್ಲ. ಬೆರಳಿಂದ ಬುಡದ ಮಣ್ಣು ಕೆದಕಿದಳು. ಒಳಗೆ ಬಿಳಿಯ ಮೊಗ್ಗುಗಳು, ಬಾಯಿ ಬಿಡದವು, ಕಂಪಿಲ್ಲದವು. ಒಂದನ್ನು ಸೀಳಿದರೆ ಬಲಿತ ಕಾಳು.

"ನಮ್ಮ ಮೊಗ್ಗು ತೆರೆಯೋದೇ ಇಲ್ಲ. ಒಳಗೊಳಗೇ ಕಾಳು ಕಟ್ಟುತ್ತೆ. ದುಂಬೀನೂ ಬೇಡ, ಗಾಳೀನೂ ಬೇಡ" ಎಂದಿತು ಗಿಡ.

ಚಂದಲೆ ಹಿಡಿ ಕಾಳು ತಂದು ಮಾಂತ್ರಿಕನಿಗೆ ಒಡ್ಡಿದಳು. ಪತಂಗಗಳು ಅದನ್ನು ತಿರುಗಿಯೂ ನೋಡಲಿಲ್ಲ.

"ಇದರ ಹೂವೆಲ್ಲಿ?" ಮಾಂತ್ರಿಕ ಗದರಿದ.

"ನೀನು ಕೇಳಿದ್ದು ಕಾಳು."

"ಹೂವಿಲ್ಲದ್ದು ಕಾಳೇ ಅಲ್ಲ. ನವಿಲನ್ನು ಬಿಡೋದಿಲ್ಲ, ಹೋಗು!"

ಮಾತು ತಪ್ಪಿತು. ಪತಂಗಗಳು ಅವನನ್ನು ಮುತ್ತಿ ತಿಂದು, ತಾವೂ ಬೂದಿಯಾಗಿ ಉದುರಿದವು.

ಪಂಜರದಿಂದ ರಾಜ ಮನುಷ್ಯನಾಗಿ ಹೊರಬಂದ. ಎಲುಬು ಚರ್ಮವಾಗಿದ್ದ. ಕಾಳು ಕಂಡೊಡನೆ ಕೈ ಚಾಚಿದ.

"ಕೊಡು ಮಗಳೇ, ಹಸಿವಿಗೆ ಜೀವ ಹೋಗ್ತಿದೆ."

ಚಂದಲೆ ಮುಷ್ಟಿ ಬಿಗಿಹಿಡಿದಳು.

"ಇಲ್ಲ ಅಪ್ಪಾಜಿ. ಇರೋದು ಇಷ್ಟೇ. ಇದು ಮಣ್ಣಿಗೆ."

ರಾಜ ಚಾಚಿದ ಕೈ ಹಿಂದೆಗೆದ. ಆಮೇಲೆ ಗುದ್ದಲಿ ಎತ್ತಿಕೊಂಡು ಹೊಲಕ್ಕೆ ನಡೆದ. ಬೆಳೆ ಬರುವವರೆಗೆ ಗೆಡ್ಡೆ ಸೊಪ್ಪು ತಿಂದು ನಾಡು ಜೀವ ಹಿಡಿಯಿತು. ಬೆಳೆ ಬಂತು, ಎಲ್ಲರೂ ಹೊಟ್ಟೆ ತುಂಬ ಉಂಡು ಸುಖವಾಗಿದ್ದರು. ರಾಜ ಮಾತ್ರ ಅಂದು ಎಲ್ಲರ ಊಟವಾದ ಮೇಲೆ, ಮಗಳ ಪಕ್ಕ ಕೂತು ಉಂಡ.