ಹತ್ತೊಂಬತ್ತನೇ ನಂಬರಿನ ಅಂಗಿ

ಬೆಳಗಿನಿಂದ ನಾನೂ ಅವನೂ ನಮ್ಮ ಷೆಡ್ಡಿನಲ್ಲಿ ಮಾತಿಲ್ಲದೆ ಕೊಬ್ಬರಿಯ ಚಿಪ್ಪು ಬಿಡಿಸುತ್ತಿದ್ದೆವು. ಮಚ್ಚಿನ ಹಿಂಬದಿಯಿಂದ ಮೆಲ್ಲಗೆ ತಟ್ಟಬೇಕು. ಏಟು ಜೋರಾದರೆ ಒಳಗಿನ ಉಂಡೆ ಹೋಳಾಗುತ್ತದೆ. ಅವನು ಇಡಿಯಾಗಿ ಬಿಡಿಸಿದ ಉಂಡೆಗಳನ್ನೆಲ್ಲ ನನ್ನ ಕುಕ್ಕೆಗೆ ಹಾಕುತ್ತಿದ್ದ. ನಾನು ತೆಗೆದು ಅವನ ಕುಕ್ಕೆಗೆ ಹಾಕುತ್ತಿದ್ದೆ. ಅವನು ಮತ್ತೆ ನನ್ನದಕ್ಕೆ ಹಾಕಿ, ಏನೂ ಅರಿಯದವನಂತೆ ಅಟ್ಟದ ಕಡೆ ನೋಡುತ್ತಿದ್ದ.

ಬೇರೆ ದಿನವಾಗಿದ್ದರೆ ನಗು ಬರುತ್ತಿತ್ತು. ಅಂದು ಶುಕ್ರವಾರ. ಶನಿವಾರ ಲಾರಿ ಬರುವುದಿತ್ತು.

ಅವನಿಗೆ ಹೆಸರಿಲ್ಲ. ಯುದ್ಧಕ್ಕೆಂದು ಒಬ್ಬನೇ ಮನುಷ್ಯನ ರಕ್ತದಿಂದ ಸಾವಿರಾರು ಸೈನಿಕರನ್ನು ಮಾಡಿದ್ದರಲ್ಲ, ಅವರಲ್ಲೊಬ್ಬ. 2003ರಲ್ಲಿ ಯುದ್ಧ ಮುಗಿಯಿತು. ಬದುಕಿ ಬಂದವರಲ್ಲಿ ನಲವತ್ತು ಜನರನ್ನು ಕಣಕಟ್ಟೆ ಕೆರೆ ಏರಿಯ ಪಕ್ಕ ಕ್ಯಾಂಪಿನಲ್ಲಿಟ್ಟರು. ದಿನವೂ ಅದೇ ಆರು ಜನ ನಮ್ಮ ಷೆಡ್ಡಿಗೆ ಕೆಲಸಕ್ಕೆ ಬರುತ್ತಿದ್ದರು. ಆರೂ ಜನಕ್ಕೆ ಒಂದೇ ಮುಖ, ಒಂದೇ ನಡಿಗೆ.

"ಒಬ್ಬನಿಗೆ ಊಟಕ್ಕಿಕ್ಕಿ ತಿರುಗಿದ್ರೆ, ಅವ್ನೇ ಮತ್ತೆ ತಟ್ಟೆ ಹಿಡ್ಕಂಡು ನಿಂತವ್ನೆ ಅನ್ಸುತ್ತೆ ಕಣೇ," ಎಂದು ಅಮ್ಮ ನಗುತ್ತಿದ್ದಳು.

ನಾನು ಏಳನೇ ಕ್ಲಾಸಿಗೇ ಶಾಲೆ ಬಿಟ್ಟವಳು. ಮಾತು ಕಡಿಮೆ, ನೋಡುವುದು ಹೆಚ್ಚು. ಅವನು ನನ್ನ ಕಡೆ ನೋಡುವ ಮುಂಚೆ ಒಂದು ಗಳಿಗೆ ನೆಲ ನೋಡುತ್ತಾನೆ. ಉಳಿದ ಐವರು ನನ್ನನ್ನು ನೋಡುವುದೇ ಇಲ್ಲ.

ಒಮ್ಮೆ ಆರೂ ಜನ ಸಾಲಾಗಿ ನಿಂತು ಆಟ ಹೂಡಿದರು.

"ಅರುಣಾ ಅವ್ರೇ, ದಿನಾ ನಿಮ್ಮೆದುರು ಕೂರೋನು ಯಾರು, ಹೇಳಿ ನೋಡೋಣ!"

ನಾನು ನೇರ ಹೋಗಿ ನಾಲ್ಕನೆಯವನ ಮುಂದೆ ನೀರಿನ ಚೊಂಬು ಹಿಡಿದೆ. ಅವನ ಕಿವಿ ಕೆಂಪಾಯಿತು.

"ಹೆಂಗೆ ಗೊತ್ತಾಯ್ತು?"

"ನೀವೊಬ್ರೇ ಹೆದರ್ಕೊಂಡಿದ್ರಿ."

"ಯುದ್ಧದಲ್ಲೂ ಇಷ್ಟು ಹೆದರಿರ್ಲಿಲ್ಲ," ಎಂದು ಚೊಂಬು ಇಸಿದುಕೊಂಡ. ನೀರೆಲ್ಲ ಅಂಗಿಯ ಮೇಲೆ ಚೆಲ್ಲಿಕೊಂಡ.

ಹದಿನೈದು ದಿನದ ಹಿಂದೆ ಆರ್ಡರ್ ಬಂತು. ಎಲ್ಲರನ್ನೂ ಅರಸೀಕೆರೆಯಲ್ಲಿ ರೈಲು ಹತ್ತಿಸುತ್ತಾರೆ. ದೂರದ ಯಾವುದೋ ಆಸ್ಪತ್ರೆಯಲ್ಲಿ ಸೂಜಿ ಚುಚ್ಚಿ ಮಲಗಿಸುತ್ತಾರೆ. ಮಲಗಿದವರು ಮತ್ತೆ ಏಳುವುದಿಲ್ಲ. ಕೆಲಸ ಕೊಟ್ಟ ಮನೆಯವರು ಬೇಕಿದ್ದರೆ ಒಬ್ಬನನ್ನು ಮಾತ್ರ ಉಳಿಸಿಕೊಳ್ಳಬಹುದು.

ಅಪ್ಪಾಜಿ ಒಪ್ಪಿದರು. ಫಾರಂ ಹಿಡಿದು, "ಯಾವ ನಂಬರ್ ಬರೀಲಿ? ಯಾವ್ದಾದ್ರೇನು, ಎಲ್ಲಾ ಒಂದೇ ಅಚ್ಚು," ಎಂದರು.

ಇಂಥವನನ್ನೇ ಎಂದರೆ ಅಮ್ಮ ನನ್ನ ಮುಖ ಓದಿಬಿಡುತ್ತಿದ್ದಳು. ನಾಚಿಕೆಗೆ, ಅಂದು ಅವನ ಅಂಗಿಯ ಮೇಲಿದ್ದ ನಂಬರು ಹೇಳಿ ಸುಮ್ಮನಾದೆ. "ಹತ್ತೊಂಬತ್ತು."

ಆ ಆರು ಜನ ಬೆಳಗ್ಗೆ ಎದ್ದು ತಮ್ಮ ಆರು ಅಂಗಿಗಳ ರಾಶಿಯಿಂದ ಕಣ್ಣು ಮುಚ್ಚಿ ಒಂದೊಂದು ಎತ್ತಿಕೊಳ್ಳುತ್ತಿದ್ದರು. ಎದೆಯ ನಂಬರು ದಿನಾ ಬದಲಾಗುವುದನ್ನು ನಾನು ನೋಡಿದ್ದೆ. ಆದರೂ, ನಾನು ಹೇಳಿದರೆ ಲಾರಿ ಬರುವ ದಿನವಾದರೂ ಅದನ್ನು ಆರಿಸಿಕೊಳ್ಳುತ್ತಾನೆ ಎಂದುಕೊಂಡಿದ್ದೆ.

ಶುಕ್ರವಾರ ಸಂಜೆಯಾಗುತ್ತಾ ಬಂದಾಗ ನಾನೇ ಬಾಯಿ ಬಿಟ್ಟೆ.

"ನಾಳೆ ಹತ್ತೊಂಬತ್ತರ ಅಂಗಿ ನೀವೇ ಹಾಕ್ಕೊಳ್ಳಿ."

"ಕೈಗೆ ಬಂದ್ರೆ ಹಾಕ್ಕೋತೀನಿ."

"ಹುಡುಕಿ ತಗೊಳ್ಳಿ."

"ನಾವು ಆರಿಸಲ್ಲ, ಅರುಣಾ. ಯುದ್ಧದಲ್ಲಿ ದಿನಾ ಒಂದು ನಂಬರ್ ಕೂಗೋರು. ಆ ಅಂಗಿ ಯಾರ ಮೈಮೇಲಿತ್ತೋ ಅವ್ನು ಮುಂದೆ ಹೋಗೋನು. ಯಾರೂ ಬದಲಾಯಿಸ್ಕೊಳ್ತಿರ್ಲಿಲ್ಲ. ಎಷ್ಟೋ ಜನ ಹಂಗೆ ಹೋದ್ರು, ನಾನು ಉಳ್ಕೊಂಡೆ."

"ಇದು ಯುದ್ಧ ಅಲ್ಲ."

"ಅವ್ರ ಮುಖ ನನ್ನ ಮುಖಾನೇ. ನಾಳೆಯಿಂದ ಕನ್ನಡಿ ಹೆಂಗೆ ನೋಡ್ಲಿ?"

ಸಿಟ್ಟು ನೆತ್ತಿಗೇರಿತು. ಬಾಯಲ್ಲಿ ಮರ್ಯಾದೆ ಉಳಿಯಲಿಲ್ಲ. "ನಿಂಗೆ ಕನ್ನಡಿದೇ ಚಿಂತೆ! ನನ್ನ ಮುಖ ನೋಡೋದು ಬೇಡ್ವಾ?"

ಅವನು ನೆಲ ನೋಡಿದ, ಆಮೇಲೆ ನನ್ನನ್ನು ನೋಡಿದ. ಎಷ್ಟು ಹೊತ್ತು ನೋಡಿದನೆಂದರೆ, ಕೊನೆಗೆ ನಾನೇ ಸೆರಗು ಸರಿಮಾಡಿಕೊಂಡೆ.

"ಬೇಕಾಗಿರೋದು ಅದೊಂದೇ," ಎಂದ. "ಆದ್ರೂ ಆರಿಸಲ್ಲ."

ಕೈಯಲ್ಲಿದ್ದ ಉಂಡೆಯನ್ನು ಅವನ ಮೇಲೆಸೆದೆ. ಹಿಡಿದುಕೊಂಡು, ಒರೆಸಿ, ನನ್ನ ಕುಕ್ಕೆಗೇ ಹಾಕಿದ.

ಶನಿವಾರ ಹನ್ನೊಂದಕ್ಕೆ ಲಾರಿ ಷೆಡ್ಡಿನ ಮುಂದೆ ನಿಂತಿತು. ಅವನ ಎದೆಯ ಮೇಲೆ ಮೂವತ್ತೊಂದು. ಹತ್ತೊಂಬತ್ತು ಸಾಲಿನ ಕೊನೆಯವನ ಮೇಲಿತ್ತು. ಕ್ಯಾಂಪಿನ ಸಾಹೇಬ ಅಪ್ಪಾಜಿಯ ಕೈಯಲ್ಲಿದ್ದ ಫಾರಂ ನೋಡಿ ಆ ಕೊನೆಯವನನ್ನು ಅವರ ಪಕ್ಕಕ್ಕೆ ನಿಲ್ಲಿಸಿದ. ಉಳಿದ ಐವರು ಲಾರಿ ಹತ್ತಿದರು.

"ಅಪ್ಪಾಜಿ, ನಾನು ಹೇಳಿದ್ದು ಇವ್ರನ್ನಲ್ಲ."

"ಹತ್ತೊಂಬತ್ತು ಅಂದ್ಯಲ್ಲವ್ವಾ?"

"ನಂಬರ್ ಹೇಳ್ದೆ. ಮನುಷ್ಯ ಲಾರೀಲವ್ರೆ."

ಅಮ್ಮ ಸೆರಗನ್ನು ಬಾಯಿಗೆ ಹಿಡಿದಳು. ಅಪ್ಪಾಜಿಯ ಮುಖ ಕಪ್ಪಿಟ್ಟಿತು. ಸಾಹೇಬನಿಗೆ ಮಾತ್ರ ನಗು. "ಅದಕ್ಕೇನಮ್ಮ, ಇವ್ನು ಹತ್ಲಿ, ಅವ್ನು ಇಳೀಲಿ. ನಮಗೇನು?"

ಪಕ್ಕದಲ್ಲಿದ್ದವನು ಲಾರಿಯ ಕಡೆ ನಡೆದ. ಅದೇ ಕಿವಿ, ಅದೇ ಕತ್ತು. ಲಾರಿ ಹತ್ತಿರವಾದಂತೆ ಹೆಜ್ಜೆ ಮಾತ್ರ ಚಿಕ್ಕದಾಗುತ್ತಾ ಹೋಯಿತು. ಲಾರಿಯ ಮೇಲಿಂದ, ದಿನಾ ನನ್ನೆದುರು ಕೂರುತ್ತಿದ್ದವನು ಬೇಡವೆಂದು ತಲೆಯಾಡಿಸಿದ. ಸಾಹೇಬನಿಗೆ ನಾನು ಹೂಂ ಎಂದು ಒಂದು ಮಾತು ಹೇಳಿದ್ದರೆ ಸಾಕಿತ್ತು. ನನ್ನಿಂದ ಆಗಲಿಲ್ಲ. ಓಡಿಹೋಗಿ ಹತ್ತೊಂಬತ್ತರವನ ತೋಳು ಹಿಡಿದು ನಿಲ್ಲಿಸಿದೆ.

"ಅಪ್ಪಾಜಿ, ಇಬ್ರನ್ನೂ ಉಳಿಸ್ಕೊಳ್ಳಿ."

ಅಪ್ಪಾಜಿ ಫಾರಂ ಮಡಚಿ ಜೇಬಿಗಿಟ್ಟರು. ಸಾಹೇಬ ವಾಚು ನೋಡಿಕೊಂಡ. ಡ್ರೈವರ್ ಗಾಡಿ ಸ್ಟಾರ್ಟ್ ಮಾಡಿದ.

ಹುಟ್ಟಿದಾಗಿನಿಂದ ಅಷ್ಟು ಜೋರಾಗಿ ನಾನು ಕೂಗಿದ್ದಿಲ್ಲ.

"ಇಬ್ರನ್ನೂ ಉಳಿಸ್ಕೊಳ್ಳಿ, ಅಪ್ಪಾಜಿ."